ಹೊಸ ಸ್ಟ್ರಾಬೆರಿ ತಳಿ ನಿಮ್ಮ ಹೊಲಕ್ಕೆ ಒಗ್ಗುತ್ತದೆಯೇ? ಅರ್ಧ ಗುಂಟೆಯಲ್ಲಿ ಪರೀಕ್ಷಿಸಿ ವಿವರ ಬರೆದಿಡುವ ಕ್ರಮ

ಬೆಳಗಾವಿ, ಖಾನಾಪುರ ಕಡೆಯ ಬೆಳೆಗಾರರು ಫೆಬ್ರವರಿ ಬಂತೆಂದರೆ ಒಂದೇ ಮಾತು ಹೇಳುತ್ತಾರೆ: "ಹೊಸ ತಳಿ ಹಚ್ಚಿದ್ವಿ, ಚೊಲೋ ಬರಲಿಲ್ಲ." ಎಷ್ಟು ಸಸಿ ಸತ್ತವು, ಯಾವ ವಾರದಲ್ಲಿ ಸತ್ತವು, ಮೊದಲ ಕೊಯ್ಲು ಯಾವಾಗ, ಗಿಡಕ್ಕೆ ಎಷ್ಟು ಗ್ರಾಂ ಬಂತು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಪಕ್ಕದಲ್ಲಿ ಹಳೆಯ ತಳಿಯ ಒಂದು ಸಾಲೂ ಇರುವುದಿಲ್ಲ. ಹೀಗಾದಾಗ ಕೆಟ್ಟದ್ದು ತಳಿಯೋ, ನೀರೋ, ನಾಟಿಯೋ ಎಂದು ಯಾರೂ ಹೇಳಲಾರರು. ಮರುವರ್ಷ ಇನ್ನೊಂದು ಹೆಸರಿನ ಸಸಿ ಬರುತ್ತದೆ, ಅದೇ ಕಥೆ.

ನಾನೂ ಮೊದಲ ವರ್ಷ ಹೀಗೆಯೇ ಒಂದು ತಳಿಯನ್ನು ಬೈದು ಬಿಟ್ಟಿದ್ದೆ. ಸತ್ತ ಗಿಡ ಕಿತ್ತು ನೋಡಿದಾಗ ಸುಳಿ ಮಣ್ಣಿನೊಳಗೆ ಎರಡು ಬೆರಳು ಹೂತಿತ್ತು. ತಪ್ಪು ನಮ್ಮ ನಾಟಿಯದು. ಅಂದಿನಿಂದ ಯಾವ ಹೊಸ ತಳಿ ಬಂದರೂ ಮೊದಲು ಅರ್ಧ ಗುಂಟೆ, ಒಂದು ಹಂಗಾಮು, ಒಂದು ವಹಿ. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲೇ ಕೂಡಿಸಿಡಬೇಕಾದದ್ದು

ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಹಣ್ಣಿನ ಸಿಹಿ ಅಳೆಯುವ ಕೈ ರಿಫ್ರಾಕ್ಟೋಮೀಟರ್ (ಬ್ರಿಕ್ಸ್ ಮೀಟರ್ ಎಂದರೂ ಕೊಡುತ್ತಾರೆ), ನೀರಿನ ಇಸಿ (ಕರಗಿದ ಉಪ್ಪಿನ ಅಂಶ) ಮತ್ತು ಪಿಎಚ್ (ಹುಳಿ-ಕ್ಷಾರದ ಮಟ್ಟ) ನೋಡುವ ಮೀಟರ್, ಚೂಪಾದ ಚಾಕು, ಟೇಪು, ಬಿದಿರಿನ ಗೂಟ, ಬಣ್ಣ, ಗಟ್ಟಿ ರಟ್ಟಿನ ವಹಿ, ಸೀಸದ ಕಡ್ಡಿ. ಇಬ್ಬನಿಯಲ್ಲಿ ಪೆನ್ನಿನ ಶಾಯಿ ಹರಡುತ್ತದೆ, ಆದ್ದರಿಂದ ಸೀಸದ ಕಡ್ಡಿಯೇ ಬೇಕು. ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕಬೇಡಿ. ಉಳಿದವನ್ನು ಒಬ್ಬರಿಂದೊಬ್ಬರು ಇಸಿದುಕೊಳ್ಳಬಹುದು.

ಹಂತ 1: ತಳಿಯ ಚೀಟಿಯಲ್ಲಿ ಏನು ಓದಬೇಕು

ಸಸಿ ಮಾರುವವರು ಕೊಡುವ ಹಾಳೆಯಲ್ಲಿ ದೊಡ್ಡ ಹಣ್ಣಿನ ಚಿತ್ರವಿರುತ್ತದೆ. ಅದನ್ನು ಬಿಟ್ಟು ಮೂರು ಸಂಗತಿ ಹುಡುಕಿ: ತಳಿ ಎಲ್ಲಿ ಹುಟ್ಟಿತು, ಅಲ್ಪ ಹಗಲಿನದೋ (ಹಗಲು ಚಿಕ್ಕದಿದ್ದಾಗ ಹೂ ಬಿಡುವುದು) ಹಗಲಿನ ಹಂಗಿಲ್ಲದ್ದೋ (ಹಗಲು ಎಷ್ಟೇ ಉದ್ದವಿದ್ದರೂ ಹೂ ಬಿಡುವುದು), ಯಾವ ರೋಗಕ್ಕೆ ಸೋಲುತ್ತದೆ.

ಹುಟ್ಟಿದ ಊರು ಯಾಕೆ ಮುಖ್ಯ? ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಫೆಸ್ಟಿವಲ್, ಬ್ರಿಲಿಯನ್ಸ್ ಇವು ಫ್ಲೋರಿಡಾ ವಿಶ್ವವಿದ್ಯಾಲಯದ ತಳಿಗಳು. ಅಲ್ಲಿ ಅಕ್ಟೋಬರ್ ಹೊತ್ತಿಗೆ ನೆಟ್ಟು ಚಳಿಗಾಲದಲ್ಲಿ ಕೊಯ್ಯುತ್ತಾರೆ, ಹೆಚ್ಚುಕಡಿಮೆ ನಮ್ಮ ಕ್ರಮವೇ. ಚಾಂಡ್ಲರ್, ಕಮರೋಸಾ, ಆಲ್ಬಿಯನ್, ಸ್ಯಾನ್ ಆಂಡ್ರಿಯಾಸ್ ಕ್ಯಾಲಿಫೋರ್ನಿಯಾದವು. ಅಲ್ಲಿನ ಕಡಲತೀರದಲ್ಲಿ ಬೇಸಿಗೆಯೂ ತಂಪು, ಹಾಗಾಗಿ ತಿಂಗಳುಗಟ್ಟಲೆ ಹಣ್ಣು ಸಿಗುತ್ತದೆ. ಆ ಹಾಳೆಯ ಇಳುವರಿಯನ್ನು ನಮ್ಮ ಮಾರ್ಚ್ ಬಿಸಿಲಿಗೆ ಎಣಿಸಿಕೊಂಡರೆ ಮೋಸ ಹೋಗುತ್ತೇವೆ.

ಹಗಲಿನ ಮಾತಿನಲ್ಲಿ ಬಹಳ ಜನ ಎಡವುತ್ತಾರೆ. "ಹಗಲಿನ ಹಂಗಿಲ್ಲದ ತಳಿ, ವರ್ಷವಿಡೀ ಹೂ ಬಿಡುತ್ತದೆ" ಎಂದು ನಂಬಿ ತರುತ್ತಾರೆ. ಬೆಳಗಾವಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ ಸುಮಾರು 13 ಗಂಟೆಯೇ. ಡಿಸೆಂಬರಿನಲ್ಲಿ 11 ಗಂಟೆಗಿಂತ ತುಸು ಹೆಚ್ಚು. ಎಂದರೆ ನಮ್ಮಲ್ಲಿ ಹೂವಿಗೆ ಅಡ್ಡ ಬರುವುದು ಹಗಲಿನ ಉದ್ದಕ್ಕಿಂತ ಸೆಕೆ. ಬಿಸಿಲೇರಿದರೆ ಎರಡು ಬಗೆಯ ತಳಿಗಳೂ ಹೂವು ಕಡಿಮೆ ಮಾಡುತ್ತವೆ, ಹಣ್ಣು ಸಣ್ಣದಾಗುತ್ತದೆ. ಹೋಲಿಕೆಗೆ ಮಹಾಬಳೇಶ್ವರವನ್ನೂ ತರಬೇಡಿ. ಅದು ಸುಮಾರು 1,350 ಮೀಟರ್ ಎತ್ತರದಲ್ಲಿದೆ, ಬೆಳಗಾವಿ 750 ಮೀಟರ್ ಆಸುಪಾಸು. ಅಲ್ಲಿ ಗೆದ್ದ ತಳಿ ಇಲ್ಲಿ ಗೆಲ್ಲಲೇಬೇಕೆಂದಿಲ್ಲ.

ಹಂತ 2: ನೀರು ಮತ್ತು ಮಣ್ಣು ಮೊದಲು, ಸಸಿ ಆಮೇಲೆ

ಸ್ಟ್ರಾಬೆರಿಯಷ್ಟು ಉಪ್ಪಿಗೆ ಅಂಜುವ ಬೆಳೆ ಕಡಿಮೆ. ಬೋರಿನ ನೀರಿನ ಇಸಿ 0.7 ಡಿಎಸ್/ಮೀ. ಒಳಗಿದ್ದರೆ ನಿಶ್ಚಿಂತೆ. 1 ದಾಟಿದರೆ ಇಳುವರಿಗೆ ಪೆಟ್ಟು ಬೀಳುತ್ತದೆ. ಎಲೆಯ ಅಂಚು ಸುತ್ತಲೂ ಸುಟ್ಟಂತೆ ಕಂದಾಗುವುದು ಇದರ ಮೊದಲ ಸೂಚನೆ. ಬಹಳ ಜನ ಇದನ್ನು ರೋಗವೆಂದು ತಿಳಿದು ಔಷಧ ಹೊಡೆಯುತ್ತಾರೆ.

ಮಣ್ಣಿನ ಪಿಎಚ್ 5.5ರಿಂದ 6.5 ಇದ್ದರೆ ಒಳ್ಳೆಯದು. ಖಾನಾಪುರ ಕಡೆಯ ಕೆಂಪು ಮಣ್ಣಿನಲ್ಲಿ ಇದು ಸಾಧ್ಯ. ಬೈಲಹೊಂಗಲ, ಗೋಕಾಕ, ಅಥಣಿ, ಇನ್ನೂ ಆಚೆ ಬಾಗಲಕೋಟೆ, ವಿಜಯಪುರದ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು, ಪಿಎಚ್ 8ರ ಮೇಲೂ ಇರುತ್ತದೆ. ಅಲ್ಲಿ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅಂಥ ಮಣ್ಣಿಗೆ ಕೊಡುವುದಾದರೆ, ಅಲ್ಲೂ ಬೇರಿಗೆ ಸಿಗುವಂಥ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನೇ ಕೊಡಬೇಕು, ಸಾದಾ ಫೆರಸ್ ಸಲ್ಫೇಟ್ ಸುಣ್ಣದ ಮಣ್ಣಿನಲ್ಲಿ ಬೇಗ ನಿಷ್ಕ್ರಿಯವಾಗುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಸುಣ್ಣದ ಎರೆಯಲ್ಲಿ ನೇರವಾಗಿ ತಳಿ ಪರೀಕ್ಷೆ ಮಾಡಬೇಡಿ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲದಲ್ಲಿ ಮಾಡಿ, ಇಲ್ಲವೇ ಬಿಟ್ಟುಬಿಡಿ. ಮಣ್ಣಿನ ದೋಷವನ್ನು ತಳಿಯ ಹೆಸರಿಗೆ ಬರೆದಂತಾಗುತ್ತದೆ.

ಮಣ್ಣು, ನೀರಿನ ಪರೀಕ್ಷೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಇದೆ. ಗೋಕಾಕ ಭಾಗದವರಿಗೆ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯ, ಆಚೆಯವರಿಗೆ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸಮೀಪ. ಆಗಸ್ಟಿನಲ್ಲೇ ಮಾದರಿ ಕೊಡಿ.

ಹಂತ 3: ಹೋಲಿಕೆ ತಳಿ ಮತ್ತು ಮಡಿಯ ನಕ್ಷೆ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಹೊಸ ತಳಿಯ ಪಕ್ಕದಲ್ಲಿ ನೀವು ಈಗಾಗಲೇ ಬಲ್ಲ ಒಂದು ತಳಿ ಇರಲೇಬೇಕು. ವಿಂಟರ್ ಡಾನ್ ಇರಲಿ, ಕಮರೋಸಾ ಇರಲಿ, ನಿಮ್ಮ ಕೈಗೆ ರೂಢಿಯಾದದ್ದು. ಎರಡೂ ಸಸಿಗಳು ಒಂದೇ ವಯಸ್ಸಿನವು, ಒಂದೇ ಬಗೆಯವು ಆಗಿರಬೇಕು. ಒಂದು ತಟ್ಟೆಯಲ್ಲಿ ಬೆಳೆಸಿದ ಸಸಿ, ಇನ್ನೊಂದು ಬರಿಬೇರಿನ ಸಸಿ ಆದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು.

ಲೆಕ್ಕ ಹೀಗೆ. ಮಡಿಯ ಅಗಲ 1 ಮೀಟರ್, ಎತ್ತರ 30 ಸೆಂ.ಮೀ., ನಡುವೆ ಅರ್ಧ ಮೀಟರ್ ಓಡಾಡುವ ದಾರಿ. ಪ್ರತಿ ಮಡಿಗೆ ಎರಡು ಸಾಲು, ಗಿಡದಿಂದ ಗಿಡಕ್ಕೆ 30 ಸೆಂ.ಮೀ. 24 ಗಿಡಕ್ಕೆ ಒಂದು ತುಂಡು, ಅದರ ಉದ್ದ 3.6 ಮೀಟರ್. 16 ಮೀಟರ್ ಉದ್ದದ ಎರಡು ಮಡಿ ಮಾಡಿದರೆ ತುಂಡುಗಳ ನಡುವೆ ಅರ್ಧ ಮೀಟರ್ ಬಿಟ್ಟು ಒಟ್ಟು 8 ತುಂಡು ಕೂಡುತ್ತವೆ. 4 ಹೊಸ ತಳಿಗೆ, 4 ಹಳೆಯ ತಳಿಗೆ. ಎಲ್ಲ ಸೇರಿ 192 ಗಿಡ, ಅರ್ಧ ಗುಂಟೆ ಜಾಗ.

ಒಂದು ಮಡಿಗೆ ಹೊಸತು, ಇನ್ನೊಂದಕ್ಕೆ ಹಳೆಯದು ಎಂದು ಪೂರ್ತಿ ಕೊಡಬೇಡಿ. ಪ್ರತಿ ಮಡಿಯಲ್ಲಿ ಎರಡೆರಡು ತುಂಡು ಬರಲಿ, ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಹೊಲದ ತಗ್ಗು, ಮರದ ನೆರಳು, ಡ್ರಿಪ್ಪಿನ ಕೊನೆಯಲ್ಲಿ ಕಡಿಮೆಯಾಗುವ ಒತ್ತಡ ಇವೆಲ್ಲ ಆಗ ಎರಡೂ ತಳಿಗೆ ಹಂಚಿಹೋಗುತ್ತವೆ. ಗೂಟಕ್ಕೆ ತಳಿಯ ಹೆಸರು ಬರೆಯಬೇಡಿ, ಬಣ್ಣ ಬಳಿಯಿರಿ. ಯಾವ ಬಣ್ಣ ಯಾವ ತಳಿ ಎಂಬುದು ವಹಿಯ ಕೊನೆಯ ಪುಟದಲ್ಲಿರಲಿ. ಕೊಯ್ಯುವವರಿಗೂ ರುಚಿ ನೋಡುವವರಿಗೂ ಗೊತ್ತಾಗದಿದ್ದಷ್ಟು ಒಳ್ಳೆಯದು.

ಮಡಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮಾತ್ರ ಹಾಕಿ, ಹಸಿ ಗೊಬ್ಬರ ಬೇಡ. 30 ಸೆಂ.ಮೀ.ಗೆ ಒಂದು ತೂತಿರುವ ಡ್ರಿಪ್ ಪೈಪು ಎಳೆದು, ಮೇಲೆ 25–30 ಮೈಕ್ರಾನಿನ ಬೆಳ್ಳಿ-ಕಪ್ಪು ಮಲ್ಚಿಂಗ್ ಹಾಳೆ ಹೊದಿಸಿ, ಬೆಳ್ಳಿ ಬದಿ ಮೇಲಕ್ಕೆ. ಕಬ್ಬಿನ ರವದಿಯನ್ನು ದಾರಿಯಲ್ಲಿ ಹಾಸಿದರೆ ಕೆಸರು ಹಣ್ಣಿಗೆ ಸಿಡಿಯುವುದಿಲ್ಲ.

ಹಂತ 4: ಸಸಿ ಬಂದ ದಿನದ ತಪಾಸಣೆ

ಪೆಟ್ಟಿಗೆ ಬಂದ ಕೂಡಲೇ ನೆರಳಿಗಿಡಿ. ಪ್ರತಿ ತಳಿಯ ಐದು ಸಸಿ ತೆಗೆದುಕೊಂಡು ಸುಳಿಯ ಕೆಳಗಿನ ದಪ್ಪ ಭಾಗವನ್ನು, ಅಂದರೆ ಕ್ರೌನನ್ನು, ಉದ್ದಕ್ಕೆ ಸೀಳಿ. ಒಳಗೆ ಕೆನೆಬಿಳಿ ಇದ್ದರೆ ಆರೋಗ್ಯ. ಇಟ್ಟಿಗೆ ಕೆಂಪು ಅಥವಾ ಕಂದು ಕಲೆ ಹರಡಿದ್ದರೆ ಆಂಥ್ರಾಕ್ನೋಸ್ ಕೊಳೆ ರೋಗದ ಶಂಕೆ. ಎಲೆಯನ್ನು ಬೆಳಕಿಗೆ ಹಿಡಿಯಿರಿ, ನರಗಳ ನಡುವೆ ಎಣ್ಣೆ ಬಿದ್ದಂತೆ ಪಾರದರ್ಶಕ ಚೌಕ ಚುಕ್ಕೆ ಕಂಡರೆ ಅದು ದುಂಡಾಣು ರೋಗ. ಇವೆರಡರಲ್ಲಿ ಯಾವುದು ಕಂಡರೂ ಸಸಿ ವಾಪಸ್ ಕಳಿಸಿ. ಐದು ಸಸಿ ಹಾಳಾಯಿತೆಂದು ಮರುಗಬೇಡಿ. ಒಮ್ಮೆ ನಾನು ಈ ಸೀಳಿ ನೋಡುವ ಕೆಲಸ ಬಿಟ್ಟೆ, ನವೆಂಬರಿನಲ್ಲಿ ಸಾಲಿಗೆ ಸಾಲೇ ಬಾಡಿತು. ಕಳಿಸಿದ ನರ್ಸರಿಯವರು ನೀರು ಹೆಚ್ಚಾಯಿತು ಎಂದರು. ನನ್ನ ಕೈಯಲ್ಲಿ ಪುರಾವೆ ಇರಲಿಲ್ಲ.

ಸೀಳಿದ ಸಸಿಯ ಚಿತ್ರ ತೆಗೆದಿಡಿ. ದಿನಾಂಕ, ಬಿಲ್ಲು ಎರಡನ್ನೂ ವಹಿಯಲ್ಲಿ ಅಂಟಿಸಿ.

ಹಂತ 5: ನಾಟಿ

ಮಳೆ ಹಿಂದೆ ಸರಿದು ರಾತ್ರಿ ತಣ್ಣಗಾಗತೊಡಗುವ ಅಕ್ಟೋಬರ್ ಮೊದಲ ಎರಡು ವಾರ ನಮಗೆ ಸರಿಯಾದ ಸಮಯ. ಬೇಗ ನೆಟ್ಟರೆ ಮಳೆ ಕೊಳೆಸುತ್ತದೆ. ನವೆಂಬರಿಗೆ ದೂಡಿದರೆ ಗಿಡ ಮೈತುಂಬುವ ಮುನ್ನವೇ ಚಳಿ ಮುಗಿದು ಕೊಯ್ಲಿನ ದಿನ ಕಡಿಮೆಯಾಗುತ್ತದೆ. ಎರಡೂ ತಳಿಯನ್ನು ಒಂದೇ ದಿನ, ಬಿಸಿಲು ಇಳಿದ ಮೇಲೆ, ಅದೇ ಕೈಗಳಿಂದ ನೆಡಿಸಿ.

ಆಳದ ವಿಷಯವನ್ನು ಮಾತಿನಲ್ಲಿ ಹೇಳಿದರೆ ಸಾಲದು. ನೆಡಲು ಬರುವ ಅಕ್ಕಂದಿರನ್ನು ಕೂಡಿಸಿ ಒಂದು ಸಸಿ ನೆಟ್ಟು ತೋರಿಸಿ. ಕ್ರೌನಿನ ನಡುಮಟ್ಟಕ್ಕೆ ಮಣ್ಣು ಬರಬೇಕು. ಬೇರೆಲ್ಲ ಒಳಗೆ, ಸುಳಿ ಪೂರ್ತಿ ಹೊರಗೆ. ಸುಳಿಯ ಮೇಲೆ ಮಣ್ಣು ಬಿದ್ದರೆ ಕೊಳೆಯುತ್ತದೆ, ಬೇರಿನ ತುದಿ ಹೊರಗೆ ಕಂಡರೆ ಒಣಗುತ್ತದೆ. ಬೇರು ಮೇಲಕ್ಕೆ ಮಡಚಿಕೊಳ್ಳದಂತೆ ಗುಣಿ ಆಳವಾಗಿರಲಿ. ಉದ್ದ ಬೇರಿದ್ದರೆ ಕತ್ತರಿಸಿ ನೇರವಾಗಿ ಇಳಿಸಿ. ಟೊಮೆಟೊ, ಮೆಣಸಿನ ಸಸಿ ಹಚ್ಚಿದ ಕೈಗಳಿಗೆ ಆಳಕ್ಕೆ ಒತ್ತುವ ರೂಢಿ, ಆದ್ದರಿಂದ ಮೊದಲ ತುಂಡು ಮುಗಿದ ಮೇಲೆ ನೀವೇ ಪ್ರತಿ ಗಿಡ ಮುಟ್ಟಿ ನೋಡಿ. ಮೊದಲ ನೀರು ಕೊಟ್ಟ ಮರುದಿನ ಇನ್ನೊಮ್ಮೆ ನೋಡಿ, ಮಣ್ಣು ಕುಸಿದು ಮಟ್ಟ ಬದಲಾಗಿರುತ್ತದೆ.

ಅಕ್ಟೋಬರ್ ಬಿಸಿಲು ಚುರುಕು. ಮೊದಲ 7–10 ದಿನ ಮಧ್ಯಾಹ್ನದ ಹೊತ್ತು ತುಂತುರು ನೀರು ಹೊಡೆದು ಎಲೆ ತಣಿಸಿ, ಸಂಜೆಗೆ ಎಲೆ ಒಣಗಿರಬೇಕು. 15ನೆಯ ದಿನ ಸತ್ತ ಗಿಡ ಎಣಿಸಿ ಬರೆಯಿರಿ. ಕಿತ್ತು, ಕಾರಣ ನೋಡಿ: ಆಳವಾಗಿ ಹೂತಿತ್ತೇ, ಬೇರು ಒಣಗಿತ್ತೇ, ಕ್ರೌನಿನ ಒಳಗೆ ಕೆಂಪಾಗಿತ್ತೇ? ಮೊದಲೆರಡು ನಮ್ಮ ತಪ್ಪು. ಮೂರನೆಯದನ್ನು ಮಾತ್ರ ಸಸಿಯ ಲೆಕ್ಕಕ್ಕೆ ಬರೆಯಿರಿ.

ಹಂತ 6: ಹೂವಿಗೆ ಮುನ್ನ

ಗಿಡದಿಂದ ಹೊರಡುವ ಹಂಬುಗಳನ್ನು, ರನ್ನರ್ ಎನ್ನುವವನ್ನು, ವಾರಕ್ಕೊಮ್ಮೆ ಕಿತ್ತುಹಾಕಿ. ಎಷ್ಟು ಕಿತ್ತಿರಿ ಎಂದು ತುಂಡಿನ ಲೆಕ್ಕದಲ್ಲಿ ಬರೆಯಿರಿ. ಹಂಬು ಹೆಚ್ಚು ಬಿಡುವ ತಳಿಗೆ ಆಳಿನ ಖರ್ಚು ಹೆಚ್ಚು. ಮೊದಲ ಮೂರು ವಾರದಲ್ಲಿ ಹೂ ಕಂಡರೆ ಚಿವುಟಿ. ಎರಡೂ ತಳಿಗೆ ಒಂದೇ ನಿಯಮ. ಒಂದಕ್ಕೆ ಚಿವುಟಿ ಇನ್ನೊಂದಕ್ಕೆ ಬಿಟ್ಟರೆ ಪರೀಕ್ಷೆ ಮುರಿದಂತೆ.

ಹಂತ 7: ಗಿಡದ ವಿವರಣೆ

ನವೆಂಬರ್ ಕೊನೆಗೆ, ಪ್ರತಿ ತುಂಡಿನ ಎರಡೂ ತುದಿಯ ಎರಡೆರಡು ಗಿಡ ಬಿಟ್ಟು ನಡುವಿನ 20 ಗಿಡಗಳನ್ನು ನೋಡಿ. ತುದಿಯ ಗಿಡಕ್ಕೆ ಗಾಳಿ, ಬೆಳಕು ಹೆಚ್ಚು ಸಿಗುವುದರಿಂದ ಅದು ಸುಳ್ಳು ಹೇಳುತ್ತದೆ.

ಗಿಡ ನೆಟ್ಟಗಿದೆಯೋ, ಅರ್ಧ ಹರಡಿದೆಯೋ, ನೆಲ ಹಿಡಿದಿದೆಯೋ? ಎಲೆ ಒತ್ತಾಗಿದೆಯೋ ವಿರಳವೋ? ಹೂವು ಎಲೆಯ ಮೇಲೆ ನಿಲ್ಲುತ್ತದೆಯೋ, ಸಮನಾಗಿಯೋ, ಅಡಿಯಲ್ಲಿ ಅಡಗುತ್ತದೆಯೋ? ಇದು ಬರಿ ಅಂದದ ಮಾತಲ್ಲ. ಎಲೆಯ ಅಡಿಯಲ್ಲಿ ಅಡಗುವ ಹೂವಿಗೆ ಜೇನುಹುಳು ಕಡಿಮೆ ಬರುತ್ತದೆ, ಇಬ್ಬನಿ ಆರುವುದಿಲ್ಲ, ಬೂದುಬಣ್ಣದ ಬೂಷ್ಟು ಹಿಡಿಯುತ್ತದೆ, ಕೊಯ್ಯುವವರಿಗೆ ಹಣ್ಣು ಕಾಣುವುದಿಲ್ಲ. ತೀರ ಮೇಲೆ ನಿಂತರೆ ಫೆಬ್ರವರಿ ಬಿಸಿಲಿಗೆ ಹಣ್ಣು ಬೇಯುತ್ತದೆ. ಬೆಳಗಾವಿಗೆ ನೆಟ್ಟಗಿನ, ಒತ್ತಿಲ್ಲದ, ಹೂವು ಎಲೆಗೆ ಸಮನಾಗಿ ನಿಲ್ಲುವ ಗಿಡ ಒಳ್ಳೆಯದೆಂದು ನನ್ನ ಅನುಭವ.

ರೋಗದ ಸೂಚನೆಗಳನ್ನೂ ಇಲ್ಲೇ ಬರೆಯಿರಿ. ಎಲೆಯ ಅಂಚು ಮೇಲಕ್ಕೆ ದೊನ್ನೆಯಂತೆ ಮಡಚಿ ಅಡಿಯಲ್ಲಿ ಬಿಳಿ ಪುಡಿ ಕಂಡರೆ ಬೂದಿರೋಗ. ಎಲೆಯ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಕೆಂಪು ನುಸಿ, ಸಂಕ್ರಾಂತಿ ಕಳೆದು ಒಣಹವೆ ಬಂದಾಗ ಇದರ ಹಾವಳಿ. ಔಷಧ ಹೊಡೆಯುವ ಮುನ್ನ 20ರಲ್ಲಿ ಎಷ್ಟು ಗಿಡಕ್ಕಿದೆ ಎಂದು ಎಣಿಸಿ. ಹೊಡೆದ ಮೇಲೆ ಎಣಿಸಿದರೆ ನೀವು ಅಳೆಯುವುದು ಔಷಧವನ್ನು.

ಹಂತ 8: ಹಣ್ಣಿನ ವಿವರಣೆ

ಪ್ರತಿ ಗೊಂಚಲಿನ ಮೊದಲ ಹಣ್ಣು ಎಲ್ಲಕ್ಕಿಂತ ದೊಡ್ಡದು, ಆಕಾರವೂ ಬೇರೆ, ಹಲವು ತಳಿಗಳಲ್ಲಿ ಅದು ಚಪ್ಪಟೆಯಾಗಿ ಬೀಸಣಿಗೆಯಂತೆ ಇರುತ್ತದೆ. ಚೀಟಿಯ ಚಿತ್ರಕ್ಕೆ ಮರುಳಾಗುವವರು ಈ ಹಣ್ಣನ್ನೇ ಫೋಟೊ ತೆಗೆದು "ನಮ್ಮ ತಳಿ" ಎನ್ನುತ್ತಾರೆ. ವಿವರಣೆಗೆ ಎರಡನೆಯ, ಮೂರನೆಯ ಹಣ್ಣು ಆರಿಸಿ. ಪ್ರತಿ ತುಂಡಿನಿಂದ 10 ಹಣ್ಣು, ಒಂದೇ ಬೆಳಿಗ್ಗೆ, ಪೂರ್ತಿ ಕೆಂಪಾದವು.

ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡುತ್ತ ಹೋಗಿ. ಆಕಾರ ಶಂಕುವೋ, ಉದ್ದ ಶಂಕುವೋ, ಹೃದಯದಂತೆಯೋ, ದುಂಡೋ. ಬಣ್ಣ ಕಿತ್ತಳೆ ಛಾಯೆಯ ಕೆಂಪೋ, ಅಚ್ಚ ಕೆಂಪೋ, ಗಾಢ ಕೆಂಪೋ. ಗಾಢ ಕೆಂಪಿನ ಹಣ್ಣು ಎರಡನೆಯ ದಿನ ಕಪ್ಪಾಗಿ ಹಳತಂತೆ ಕಾಣುತ್ತದೆ, ಅಂಗಡಿಯವರು ಬೆಲೆ ಇಳಿಸುತ್ತಾರೆ. ಹೊಳಪು ಎಷ್ಟು? ಬೀಜ ಮೇಲ್ಮೈಗಿಂತ ಒಳಗೋ, ಸಮವೋ, ಉಬ್ಬಿದೆಯೋ? ತಲೆಯ ಹಸಿರು ಟೊಪ್ಪಿಗೆ ದೊಡ್ಡದೋ, ಸಣ್ಣದೋ, ಮೇಲಕ್ಕೆ ಎದ್ದಿದೆಯೋ? ಟೊಪ್ಪಿಗೆ ಬೇಗ ಬಾಡಿದರೆ ಹಣ್ಣು ತಾಜಾ ಇದ್ದರೂ ಗಿರಾಕಿ ಮುಟ್ಟುವುದಿಲ್ಲ. ಸೀಳಿದಾಗ ಒಳಗೆ ಟೊಳ್ಳಿದೆಯೇ, ತಿರುಳು ಬಿಳಿಯೋ ಕೆಂಪೋ ಎಂದೂ ಬರೆಯಿರಿ.

ಸೊಟ್ಟ ಹಣ್ಣಿನ ಬಗ್ಗೆ ಎಚ್ಚರ. ಸ್ಟ್ರಾಬೆರಿಯ ಮೈ ಉಬ್ಬುವುದು ಬೀಜ ಕಟ್ಟಿದ ಕಡೆ ಮಾತ್ರ. ಪರಾಗ ಸರಿಯಾಗಿ ಬೀಳದಿದ್ದರೆ ಆ ಭಾಗ ಹಿಂಡಿದಂತೆ ಉಳಿಯುತ್ತದೆ. ಎರಡೂ ತಳಿಯಲ್ಲಿ ಸೊಟ್ಟ ಹಣ್ಣು ಒಂದೇ ಸಮ ಬಂದರೆ ಅದು ಜೇನಿನ ಕೊರತೆ, ಬೋರಾನ್ ಕೊರತೆ ಅಥವಾ ಥ್ರಿಪ್ಸ್ ನುಸಿ. ಹೊಸದರಲ್ಲಿ ಮಾತ್ರ ಹೆಚ್ಚಾದರೆ ತಳಿಯ ಗುಣ ಎನ್ನಬಹುದು. ಪಕ್ಕದಲ್ಲಿ ಹಳೆಯ ತಳಿ ಇಲ್ಲದಿದ್ದರೆ ಇದನ್ನು ಹೇಗೆ ಬೇರ್ಪಡಿಸುತ್ತೀರಿ?

ಸಿಹಿ ಅಳೆಯುವಾಗ ಹಣ್ಣಿನ ತುದಿ ಹೆಚ್ಚು ಸಿಹಿ, ಟೊಪ್ಪಿಗೆಯ ಬದಿ ಕಡಿಮೆ. ತುದಿಯ ರಸ ಮಾತ್ರ ಹಿಂಡಿ ಬ್ರಿಕ್ಸ್ ಬರೆಯುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ. ಇಡೀ ಹಣ್ಣನ್ನು ಅರೆದು ಸೋಸಿ ಒಂದು ಹನಿ ಇಡಿ. ಹಿಂದಿನ ದಿನ ನೀರು ಹೆಚ್ಚಾಗಿದ್ದರೆ ಅಥವಾ ಮೋಡವಿದ್ದರೆ ಅಂಕಿ ಇಳಿಯುತ್ತದೆ, ಆದ್ದರಿಂದ ಒಂದೇ ದಿನ ಅಳೆದು ಬಿಡಬೇಡಿ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ತಲಾ ಎರಡು ಬಾರಿ ಅಳೆಯಿರಿ.

ಹಂತ 9: ತೂಕದ ವಹಿ

ಹೂವು ಅರಳಿ 25–30 ದಿನಕ್ಕೆ ಹಣ್ಣು ಕೆಂಪಾಗುತ್ತದೆ. ಎರಡು ದಿನಕ್ಕೊಮ್ಮೆ, ಇಬ್ಬನಿ ಆರಿದ ಕೂಡಲೇ, ಬಿಸಿಲೇರುವ ಮುನ್ನ ಕೊಯ್ಯಿರಿ. ಪ್ರತಿ ತುಂಡಿನ ನಡುವಿನ 20 ಗಿಡಕ್ಕೆ ಪ್ರತ್ಯೇಕ ಬುಟ್ಟಿ. ಪ್ರತಿ ಸಲ ಮೂರು ಅಂಕಿ: ಮಾರಬಹುದಾದ ಹಣ್ಣಿನ ತೂಕ, ಅದರ ಎಣಿಕೆ, ಬಿಸಾಡಿದ್ದರ ತೂಕ. ಬಿಸಾಡಿದ್ದು ಯಾಕೆ ಎಂಬುದಕ್ಕೆ ಒಂದೇ ಪದ ಸಾಕು: ಕೊಳೆ, ಸೊಟ್ಟ, ಸಣ್ಣ, ಹಕ್ಕಿ.

ಲೆಕ್ಕ ಹಾಕುವಾಗ ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. 20 ಗಿಡದಲ್ಲಿ 4 ಸತ್ತರೆ ಉಳಿದ 16ರಿಂದ ಭಾಗಿಸಿ "ಗಿಡಕ್ಕೆ ಇಷ್ಟು" ಎನ್ನುತ್ತಾರೆ. ನೀವು ದುಡ್ಡು ಕೊಟ್ಟದ್ದು 20 ಸಸಿಗೆ. ಹೊಲದಲ್ಲಿ ರೋಗದಿಂದ ಸತ್ತದ್ದೂ ತಳಿಯ ಗುಣವೇ, ಆದ್ದರಿಂದ 20ರಿಂದಲೇ ಭಾಗಿಸಿ. ಆಳ ನಾಟಿಯಿಂದ ಅಥವಾ ಬೇರು ಒಣಗಿ ಸತ್ತದ್ದನ್ನು ಮಾತ್ರ ಕಳೆಯಿರಿ. ಉದಾಹರಣೆಗೆ 20 ಗಿಡಕ್ಕೆ ಹಂಗಾಮಿನಲ್ಲಿ 6 ಕಿಲೊ ಬಂದರೆ ಗಿಡಕ್ಕೆ 300 ಗ್ರಾಂ. ಈ ಅಳತೆಯ ಮಡಿಯಲ್ಲಿ ಎಕರೆಗೆ ಸುಮಾರು 18,000 ಗಿಡ, ಅಂದರೆ 5,400 ಕಿಲೊ. ಅರ್ಧ ಗುಂಟೆಗೆ ಕೊಟ್ಟ ಆರೈಕೆ ಎಕರೆಗೆ ಸಿಗುವುದಿಲ್ಲ, ಅದಕ್ಕೆ ಆ ಅಂಕಿಯಿಂದ ಒಂದಿಷ್ಟು ಕಡಿದೇ ಹಣದ ಲೆಕ್ಕ ಹಾಕಿ.

ಒಟ್ಟು ತೂಕಕ್ಕಿಂತ ಅದು ಯಾವ ವಾರದಲ್ಲಿ ಬಂತು ಎಂಬುದನ್ನು ನಾನು ಹೆಚ್ಚು ನೋಡುತ್ತೇನೆ. ಮಹಾಬಳೇಶ್ವರ, ಪಂಚಗಣಿಯ ಹಣ್ಣು ರಾಷ್ಟ್ರೀಯ ಹೆದ್ದಾರಿ 48 ಹಿಡಿದು ನಿಪ್ಪಾಣಿ ದಾಟಿ ನಮ್ಮ ಪೇಟೆಗೆ ರಾಶಿಯಾಗಿ ಬರುವ ಮುನ್ನ ನಿಮ್ಮ ಬುಟ್ಟಿ ತುಂಬಿತೇ? ಮಾರ್ಚಿನಲ್ಲಿ ಹಣ್ಣಿನ ಗಾತ್ರ ಎಷ್ಟು ಇಳಿಯಿತು? ಒಂದು ಹಣ್ಣಿನ ಸರಾಸರಿ ತೂಕವನ್ನು ವಾರವಾರ ಬರೆದರೆ ಸೆಕೆಗೆ ಯಾವ ತಳಿ ಮೊದಲು ಸೋತಿತೆಂದು ಕಣ್ಣೆದುರೇ ಕಾಣುತ್ತದೆ.

ಹಂತ 10: ದಾರಿ ಮತ್ತು ಬಾಳಿಕೆ

ಸ್ಟ್ರಾಬೆರಿ ಕಿತ್ತ ಮೇಲೆ ಕೆಂಪಾಗಬಹುದು, ಸಿಹಿಯಾಗುವುದಿಲ್ಲ. ಬೆಳಗಾವಿ ಪೇಟೆಗಾದರೆ ಪೂರ್ತಿ ಕೆಂಪು, ಗೋವಾ, ಹುಬ್ಬಳ್ಳಿಗಾದರೆ ಮುಕ್ಕಾಲು ಕೆಂಪು. ಎರಡೂ ಹಂತದಲ್ಲಿ ಪ್ರತಿ ತಳಿಯ ಆರಾರು 200 ಗ್ರಾಂ ಡಬ್ಬಿ ತುಂಬಿ. ತೊಳೆಯಬೇಡಿ. ಅರ್ಧ ಡಬ್ಬಿಗಳನ್ನು ಮನೆಯ ನೆರಳಲ್ಲಿ, ಉಳಿದವನ್ನು ಫ್ರಿಜ್ಜಿನಲ್ಲಿಟ್ಟು 24, 48, 72 ಗಂಟೆಗೆ ಎಷ್ಟು ಹಣ್ಣು ಮೆತ್ತಗಾಯಿತು, ಎಷ್ಟಕ್ಕೆ ಬೂಷ್ಟು ಬಂತು ಎಂದು ಎಣಿಸಿ.

ಆಮೇಲೆ ನಿಜವಾದ ಪರೀಕ್ಷೆ. ಚೋರ್ಲಾ ಘಾಟಿನ ಮೂಲಕ ಪಣಜಿಗೆ ಹೋಗುವ ಗಾಡಿಯಲ್ಲಿ ಎರಡೂ ತಳಿಯ ಒಂದೊಂದು ಪೆಟ್ಟಿಗೆ ಕಳಿಸಿ, ವಾಪಸ್ ತರಿಸಿ. ಆ ತಿರುವುಗಳ ಕುಲುಕಾಟ ಮುಗಿದ ಮೇಲೆ ಡಬ್ಬಿಯ ತಳದಲ್ಲಿ ರಸ ಇಳಿದಿದೆಯೇ ನೋಡಿ. ರುಚಿಯಲ್ಲಿ ಮೊದಲು ನಿಂತ ಹಣ್ಣು ಇಲ್ಲಿ ಸೋತರೆ ಆ ತಳಿಗೆ ಹೊಲದ ಬದಿಯ ಮಾರಾಟವೊಂದೇ ಗತಿ. ಅದಕ್ಕೆ ತಕ್ಕಷ್ಟೇ ಗಿಡ ಹಚ್ಚಿ.

ಹಂತ 11: ತೀರ್ಮಾನ

ಏಪ್ರಿಲಿನಲ್ಲಿ ವಹಿಯ ಕೊನೆಯ ಪುಟ ತೆರೆದು ಬಣ್ಣಕ್ಕೆ ಹೆಸರು ಹೊಂದಿಸಿ. ನಾಲ್ಕು ತುಂಡುಗಳಲ್ಲಿ ಮೂರರಲ್ಲಾದರೂ ಹೊಸ ತಳಿ ಹಳೆಯದನ್ನು ಮೀರಿದೆಯೇ? ಒಂದೇ ತುಂಡು ಜೋರಾಗಿ ಬಂದು ಸರಾಸರಿ ಎಳೆದಿದ್ದರೆ ನಂಬಬೇಡಿ, ಅದು ಜಾಗದ ಗುಣ. ಗೆದ್ದರೂ ಮರುವರ್ಷ ನೇರ ಒಂದು ಎಕರೆಗೆ ಹೋಗಬೇಡಿ, 5 ಗುಂಟೆ ಸಾಕು. ಒಂದು ಹಂಗಾಮಿನ ಚಳಿ ಇನ್ನೊಂದರಂತೆ ಇರುವುದಿಲ್ಲ.

ಹಳೆಯ ಗಿಡಗಳನ್ನೇ ಮಳೆಗಾಲ ದಾಟಿಸಿ ಹಂಬಿನಿಂದ ಸಸಿ ಮಾಡುವ ಆಸೆ ಬರುತ್ತದೆ. ಖಾನಾಪುರದ ಮಳೆಯಲ್ಲಿ ಕ್ರೌನಿನ ಕೊಳೆಯನ್ನೂ ಜೊತೆಗೆ ಬೆಳೆಸಿದಂತಾಗುತ್ತದೆ. ಗಿಡ ಕಿತ್ತು ಹೊಲದಿಂದ ದೂರ ಸುಟ್ಟುಹಾಕಿ. ಹೊಸ ಸಸಿಗೆ ಜೂನ್ ಒಳಗೆ ಬೇಡಿಕೆ ಹೇಳಿ, ಹೇಳುವಾಗ ಸೀಳಿದ ಕ್ರೌನಿನ ಚಿತ್ರ ತೋರಿಸಿ, ಐದು ಸಸಿ ಕತ್ತರಿಸಿ ನೋಡಿಯೇ ಹಣ ಕೊಡುವುದಾಗಿ ಮೊದಲೇ ಮಾತಾಡಿಕೊಳ್ಳಿ.